ಪಾಯಿಂಟ್ ಝೀರೋ ಸಿಕ್ಸ್

ಪಡೀಲಿನ ರೈಲು ನಿಲ್ದಾಣಕ್ಕೆ ಈಗ ಮಂಗಳೂರು ಜಂಕ್ಷನ್ ಎಂದು ಹೆಸರು. ಹಳಬರ ಬಾಯಲ್ಲಿ ಇನ್ನೂ ಕಂಕನಾಡಿ ಸ್ಟೇಶನ್ನೇ. ಕಾಲೇಜು ಶುರುವಾಗುವ ದಿನಗಳಲ್ಲಿ ಕೇರಳದ ಕಡೆಯ ಗಾಡಿಗಳು ಇಲ್ಲಿ ನಿಂತಾಗ ಹದಿನೆಂಟು, ಹತ್ತೊಂಬತ್ತರ ಹುಡುಗಿಯರು, ನಡುವೆ ಅಲ್ಲೊಬ್ಬ ಇಲ್ಲೊಬ್ಬ ಹುಡುಗ, ದೊಡ್ಡ ದೊಡ್ಡ ಟ್ರಾಲಿ ಬ್ಯಾಗು ಎಳೆದುಕೊಂಡು ಇಳಿಯುತ್ತಾರೆ. ಎಲ್ಲಿಗೆ ಎಂದು ಆಟೋದವರು ಕೇಳುವುದು ಬರೀ ಶಾಸ್ತ್ರಕ್ಕೆ. ಕಂಕನಾಡಿಯ ಫಾದರ್ ಮುಲ್ಲರ್ಸ್, ಇಲ್ಲವೇ ಬಲ್ಮಠ, ಇಲ್ಲವೇ ನೇತ್ರಾವತಿ ದಾಟಿ ದೇರಳಕಟ್ಟೆ. ನರ್ಸಿಂಗ್ ಓದಲು ಬಂದವರು ಪಡೀಲಿನಿಂದ ಹಿಡಿಯುವ ದಾರಿಗಳು ಹೆಚ್ಚಾಗಿ ಇವೇ.

ಇವರಲ್ಲಿ ಕೆಲವರು ಓದು ಮುಗಿಸಿ ನವಜಾತ ಶಿಶುಗಳ ತೀವ್ರ ನಿಗಾ ಘಟಕ, ಅಂದರೆ ಎನ್‌ಐಸಿಯು ಸೇರಬೇಕು ಎನ್ನುತ್ತಾರೆ. ಯಾಕೆ ಎಂದರೆ ಪುಟ್ಟ ಮಕ್ಕಳೆಂದರೆ ಇಷ್ಟ ಎನ್ನುತ್ತಾರೆ. ಕಾರಣ ಒಳ್ಳೆಯದೇ, ಆದರೆ ಸಾಲದು. ಆ ಕೋಣೆಗೆ ಕಾಲಿಟ್ಟವರ ತಲೆಯಲ್ಲಿ ಮೊದಲು ಬದಲಾಗಬೇಕಾದದ್ದು ಅಳತೆ. ನಾವು ದಿನಾ ಬಳಸುವ ಲೀಟರು, ಕಿಲೋ, ಗಂಟೆಗಳು ಬಾಗಿಲಾಚೆಯೇ ಉಳಿಯುತ್ತವೆ. ಒಳಗೆ ನಡೆಯುವುದು ಮಿಲಿಲೀಟರಿನ ನೂರನೇ ಒಂದು ಭಾಗದ, ಗ್ರಾಮಿನ, ಸೆಕೆಂಡಿನ ವ್ಯವಹಾರ.

ಒಂದು ಕಿಲೋ ತೂಕದ ಮಗುವನ್ನೇ ತೆಗೆದುಕೊಳ್ಳಿ. ಏಳನೇ ತಿಂಗಳಲ್ಲೇ ಹುಟ್ಟಿಬಿಟ್ಟ ಮಗು, ಹೆಚ್ಚುಕಡಿಮೆ 28 ವಾರದ್ದು. ಅದರ ಮೈಯ ಒಟ್ಟು ರಕ್ತ ಸುಮಾರು 90 ಮಿಲಿಲೀಟರ್. ಪರೀಕ್ಷೆಗೆಂದು 1 ಮಿ.ಲೀ. ತೆಗೆದರೆ ನೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಹೋಯಿತು. 5 ಲೀಟರ್ ರಕ್ತವಿರುವ ದೊಡ್ಡವರ ಮೈಯಿಂದ ಒಮ್ಮೆಗೇ 55 ಮಿ.ಲೀ. ತೆಗೆದ ಹಾಗೆ. ದಿನಕ್ಕೆ 1 ಮಿ.ಲೀ.ಯಂತೆ ಒಂಬತ್ತು ದಿನ ಲ್ಯಾಬಿಗೆ ಕಳಿಸಿದರೆ ಮೈಯ ಹತ್ತನೇ ಒಂದು ಪಾಲು ರಕ್ತ ಟೆಸ್ಟ್ ಟ್ಯೂಬಿಗೇ ಆಯಿತು. ತೆಗೆದ ಅರ್ಧರ್ಧ ಮಿ.ಲೀ.ಯನ್ನೂ ಚಾರ್ಟಿನಲ್ಲಿ ಬರೆದಿಡುವ ಸಿಸ್ಟರ್, ಎರಡು ಪರೀಕ್ಷೆಗೆ ಒಂದೇ ಸಲ ಚುಚ್ಚಿದರೆ ಆಗುವುದಿಲ್ಲವೇ ಎಂದು ಡಾಕ್ಟರನ್ನು ಕೇಳುವ ಸಿಸ್ಟರ್ ಆ ಮಗುವಿಗೆ ರಕ್ತ ಕೊಟ್ಟಷ್ಟೇ ಉಪಕಾರ ಮಾಡಿರುತ್ತಾರೆ.

ಉಸಿರಿನ ಲೆಕ್ಕವೂ ಹಾಗೆಯೇ. ನಮ್ಮ ಒಂದು ಉಸಿರಿಗೆ ಅರ್ಧ ಲೀಟರ್ ಗಾಳಿ ಬೇಕು. ಈ ಮಗುವಿಗೆ ವೆಂಟಿಲೇಟರ್ ಕೊಡುವುದು ಒಂದು ಉಸಿರಿಗೆ 4ರಿಂದ 6 ಮಿ.ಲೀ. ಆ ಗಾಳಿ ಹೋಗಬೇಕಾದ ನಳಿಕೆಯ ಒಳಗಿನ ಅಗಲ ಎರಡೂವರೆಯಿಂದ ಮೂರು ಮಿಲಿಮೀಟರ್. ಅದನ್ನು ತುಟಿಯಿಂದ 7 ಸೆಂಟಿಮೀಟರ್ ಒಳಗೆ ಇಳಿಸಿ ಪ್ಲಾಸ್ಟರ್ ಹಾಕಿರುತ್ತಾರೆ. ಮಗುವಿನ ತೂಕದ ಕಿಲೋಗೆ 6 ಸೇರಿಸಿದರೆ ಈ 7 ಬರುತ್ತದೆ. ಪ್ಲಾಸ್ಟರ್ ಜೊಲ್ಲಿಗೆ ಒದ್ದೆಯಾಗಿ ಸಡಿಲಾಯಿತೋ, ಒಂದು ಸೆಂಟಿಮೀಟರ್ ಜಾರಿದರೂ ನಳಿಕೆ ಶ್ವಾಸನಾಳದಿಂದ ಹೊರಗೆ ಬಂದೀತು. ಅದಕ್ಕೇ ಡ್ಯೂಟಿ ಬದಲಾಗುವಾಗ ಹೊಸದಾಗಿ ಬಂದ ಸಿಸ್ಟರ್ ಎಲ್ಲಕ್ಕಿಂತ ಮೊದಲು ಬಗ್ಗಿ ನೋಡುವುದು ತುಟಿಯ ಬಳಿ ನಳಿಕೆಯ ಮೇಲಿರುವ ಅಂಕಿಯನ್ನು. ಹ್ಯಾಂಡೋವರ್‌ನಲ್ಲಿ ಬಾಯಿಮಾತಿನಲ್ಲಿ ಏಳು ಎಂದಿದ್ದರೂ ಕಣ್ಣಿಗೆ ಏಳು ಕಾಣಬೇಕು.

ಎದೆ ಬಡಿತ ನಿಮಿಷಕ್ಕೆ 150 ಎಂದಿಟ್ಟುಕೊಂಡರೆ ಎಂಟು ಗಂಟೆಯ ಒಂದು ಡ್ಯೂಟಿಯಲ್ಲಿ 72,000 ಸಲ ಬಡಿಯಿತು. ಮನೆಗೆ ಹೋಗುವಷ್ಟು ಬಲಿಯಲು ಇಂಥ ಮಗುವಿಗೆ ಎರಡು ತಿಂಗಳು ಬೇಕಾದರೆ ಅಷ್ಟರಲ್ಲಿ 1 ಕೋಟಿ 29 ಲಕ್ಷ ಬಡಿತ. ಮಾನಿಟರ್ ಇಷ್ಟನ್ನೂ ಎಣಿಸುತ್ತದೆ. ಆದರೆ ಅಕಾಲದಲ್ಲಿ ಹುಟ್ಟಿದ ಮಕ್ಕಳಿಗೆ ಉಸಿರಾಡುವುದು ಮರೆತುಹೋಗುವುದುಂಟು. 20 ಸೆಕೆಂಡು ಉಸಿರಿಲ್ಲದಿದ್ದರೆ ಅದಕ್ಕೆ ಅಪ್ನಿಯಾ ಎನ್ನುತ್ತಾರೆ. ಆಗ ಮಾಡಬೇಕಾದ ಮೊದಲ ಕೆಲಸಕ್ಕೆ ಯಂತ್ರವೇನೂ ಬೇಡ, ಬೆರಳು ಸಾಕು: ಮಗುವಿನ ಅಂಗಾಲನ್ನೋ ಬೆನ್ನನ್ನೋ ಮೆಲ್ಲಗೆ ಉಜ್ಜಬೇಕು. ಅಲಾರಂ ಕೇಳಿ ಆ ಬೆರಳು ಎಷ್ಟು ಸೆಕೆಂಡಿನಲ್ಲಿ ಅಲ್ಲಿ ಮುಟ್ಟಿತು ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಇನ್ನು ಔಷಧಿ. ಅಮಿಕಾಸಿನ್ ಎಂಬ ಆಂಟಿಬಯಾಟಿಕ್ಕಿನ ದೊಡ್ಡ ವಯಲಿನಲ್ಲಿ 2 ಮಿ.ಲೀ.ಗೆ 500 ಮಿಲಿಗ್ರಾಂ ಇರುತ್ತದೆ. ನಮ್ಮ ಒಂದು ಕಿಲೋ ಮಗುವಿಗೆ ಒಂದು ಡೋಸು 15 ಮಿ.ಗ್ರಾಂ. ಲೆಕ್ಕ ಹಾಕಿದರೆ ಬರುವ ಉತ್ತರ 0.06 ಮಿ.ಲೀ. ಒಂದು ಮಿ.ಲೀ. ಸಿರಿಂಜಿನಲ್ಲಿ ನೂರು ಗೆರೆಗಳಿರುತ್ತವೆ. ಅದರಲ್ಲಿ ಆರು ಗೆರೆ. ಸೂಜಿಯ ಬುಡದಲ್ಲಿ ಹೊರಬಾರದೆ ಉಳಿಯುವ ಔಷಧಿಯೇ ಹೆಚ್ಚುಕಡಿಮೆ ಅಷ್ಟಿರುತ್ತದೆ. ಆದ್ದರಿಂದ ಯಾರೂ ನೇರ ಎಳೆಯುವುದಿಲ್ಲ. ವಯಲಿನಿಂದ 1 ಮಿ.ಲೀ. ತೆಗೆದು 9 ಮಿ.ಲೀ. ಸಲೈನಿಗೆ ಸೇರಿಸುತ್ತಾರೆ. ಈಗ ಒಂದು ಮಿ.ಲೀ.ಯಲ್ಲಿ 25 ಮಿ.ಗ್ರಾಂ ಆಯಿತು, ಮಗುವಿಗೆ ಬೇಕಾದದ್ದು 0.6 ಮಿ.ಲೀ.

ಅಪಾಯ ಇರುವುದೇ ಇಲ್ಲಿ. ಎರಡೂ ಅಂಕಿಗಳಲ್ಲಿ ಆರು ಇದೆ, ನಡುವೆ ಒಂದು ಸೊನ್ನೆ ಮಾತ್ರ ಹೆಚ್ಚುಕಮ್ಮಿ. ಡೈಲ್ಯೂಟ್ ಮಾಡದ ವಯಲಿನಿಂದಲೇ 0.6 ಎಳೆದರೆ ಮಗುವಿಗೆ ಹೋಗುವುದು 15 ಅಲ್ಲ, 150 ಮಿ.ಗ್ರಾಂ. ಹತ್ತುಪಟ್ಟು. ಈ ಔಷಧಿ ಜಾಸ್ತಿಯಾದರೆ ಮೊದಲು ಕೆಡುವುದು ಕಿವಿ ಮತ್ತು ಕಿಡ್ನಿ. ನವಜಾತ ಶಿಶುಗಳ ವಾರ್ಡುಗಳಲ್ಲಿ ಜಗತ್ತಿನೆಲ್ಲೆಡೆ ಹೆದರುವ ತಪ್ಪು ಎಂದರೆ ಈ ಹತ್ತುಪಟ್ಟಿನ ತಪ್ಪು. ಅನುಭವಿ ಸಿಸ್ಟರುಗಳು ವಿದ್ಯಾರ್ಥಿನಿಯರನ್ನು ಕೇಳುವ ಪ್ರಶ್ನೆಗಳು ಅದಕ್ಕೇ ಒಂದು ಕ್ರಮದಲ್ಲಿರುತ್ತವೆ.

“ಎಷ್ಟು ಎಳೆದೆ?”

“ಪಾಯಿಂಟ್ ಸಿಕ್ಸ್, ಸಿಸ್ಟರ್.”

“ಯಾವುದರಿಂದ?”

ಹುಡುಗಿ ಇಲ್ಲಿ ಒಂದು ಗಳಿಗೆ ತಡೆದರೆ ಸಾಕು, ಸಿಸ್ಟರ್ ಕೈಚಾಚಿ ಸಿರಿಂಜನ್ನು ತೆಗೆದುಕೊಂಡುಬಿಡುತ್ತಾರೆ. “ಡೈಲ್ಯೂಟ್ ಮಾಡಿದ್ದರಿಂದಲಾ, ವಯಲಿನಿಂದಲಾ? ಅದನ್ನು ಮೊದಲು ಹೇಳು ಮಾರಾಯ್ತಿ.”

ಗದರಿಕೆಯ ಹಾಗೆ ಕೇಳಿಸಿದರೂ ಆ ಕೋಣೆಯ ದೊಡ್ಡ ಪಾಠ ಇದು. ನರ್ಸಿಂಗ್ ವಿದ್ಯಾರ್ಥಿನಿ ಎನ್‌ಐಸಿಯು ಕನಸು ಕಾಣುತ್ತಿದ್ದರೆ ಮೊದಲ ವರ್ಷದಿಂದಲೇ ಮಾಡಬೇಕಾದ ತಯಾರಿ ಯಾವುದು ಎಂದು ಯಾರಾದರೂ ನನ್ನನ್ನು ಕೇಳಿದರೆ, ನಾನು ಅಂಗರಚನಾಶಾಸ್ತ್ರವನ್ನೂ ಹೇಳುವುದಿಲ್ಲ, ಇಂಗ್ಲಿಷನ್ನೂ ಹೇಳುವುದಿಲ್ಲ. ಆರನೇ ಕ್ಲಾಸಿನ ದಶಮಾಂಶ ಲೆಕ್ಕ. ಕ್ಯಾಲ್ಕ್ಯುಲೇಟರಿನಲ್ಲಿ ಮಾಡಿ, ಕಾಗದದ ಮೇಲೆ ಇನ್ನೊಮ್ಮೆ ಮಾಡಿ, ಪಕ್ಕದವಳಿಂದ ಮತ್ತೊಮ್ಮೆ ಮಾಡಿಸಿ, ಮೂರೂ ಒಂದೇ ಬಂದರೆ ಮಾತ್ರ ಮುಂದೆ ಹೋಗುವ ಅಭ್ಯಾಸ. ಬರೆಯುವಾಗ ‘.6’ ಎಂದು ಬರೆಯದೆ ‘0.6’ ಎಂದೇ ಬರೆಯುವ, ‘5.0’ ಎನ್ನದೆ ‘5’ ಎಂದು ನಿಲ್ಲಿಸುವ ಶಿಸ್ತು. ಚುಕ್ಕೆ ಕಣ್ಣಿಗೆ ಬೀಳದೆ ಹೋದರೆ 5.0 ಎಂಬುದು 50 ಆಗಿಬಿಡುತ್ತದೆ.

ಇನ್ನೊಂದು ಕೆಲಸವನ್ನು ಹತ್ತಿರದಿಂದ ನೋಡಬೇಕು. ಮೊದಲ ದಿನ ಈ ಮಗುವಿಗೆ ಡ್ರಿಪ್ಪಿನಲ್ಲಿ ಹೋಗುವುದು 24 ಗಂಟೆಗೆ 80 ಮಿ.ಲೀ., ಅಂದರೆ ಗಂಟೆಗೆ 3.3 ಮಿ.ಲೀ. ಸಿರಿಂಜ್ ಪಂಪು ಅದನ್ನು ಕಣ್ಣಿಗೆ ಕಾಣದಷ್ಟು ನಿಧಾನ ತಳ್ಳುತ್ತಿರುತ್ತದೆ. ಒಳಗೆ ಹೋದದ್ದು ಗೊತ್ತಾಯಿತು, ಹೊರಗೆ ಬಂದದ್ದು? ಸಿಸ್ಟರ್ ಒಣ ನ್ಯಾಪಿಯನ್ನು ತೂಗಿ ಅಂಕಿಯನ್ನು ಅದರ ಮೇಲೇ ಪೆನ್ನಿನಲ್ಲಿ ಬರೆದಿಟ್ಟಿರುತ್ತಾರೆ. ಒದ್ದೆಯಾದ ಮೇಲೆ ಮತ್ತೆ ತೂಕ. 18 ಗ್ರಾಂ ಇದ್ದದ್ದು 24 ಆದರೆ 6 ಮಿ.ಲೀ. ಮೂತ್ರ. ಮಗುವಿನ ತೂಕದ ಕಿಲೋಗೆ ಗಂಟೆಗೆ 1 ಮಿ.ಲೀ. ಮೂತ್ರವಾದರೂ ಬರಬೇಕು, ಅದಕ್ಕಿಂತ ಇಳಿದರೆ ಡಾಕ್ಟರಿಗೆ ಫೋನು ಹೋಗಬೇಕು. ಹೊಟ್ಟೆಗೆ ಹಾಲು ಶುರುವಾಗುವುದು ಎರಡು ಗಂಟೆಗೊಮ್ಮೆ 1 ಮಿ.ಲೀ.ಯಿಂದ, ದಿನಕ್ಕೆಲ್ಲ ಸೇರಿ 12 ಮಿ.ಲೀ. ತಾಯಿಗೆ ಹಾಲು ಬಾರದಿದ್ದರೆ ಬೇರೆ ತಾಯಂದಿರು ಕೊಟ್ಟ ಹಾಲು. ನಗರದ ಲೇಡಿಗೋಶನ್ ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ಅಂಥ ಎದೆಹಾಲಿನ ಬ್ಯಾಂಕ್ ಇದೆ. ಹಾಗೆ ಕೂಡಿಟ್ಟ ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ, ಸೊನ್ನೆಗಿಂತ 20 ಡಿಗ್ರಿ ಕೆಳಗೆ ಹೆಪ್ಪುಗಟ್ಟಿಸಿ ಇಡುವುದು ಕ್ರಮ. ಏಷ್ಯಾದಲ್ಲೇ ಇಂಥ ಮೊದಲ ಬ್ಯಾಂಕ್ 1989ರಲ್ಲಿ ಮುಂಬೈಯ ಸಯನ್ ಆಸ್ಪತ್ರೆಯಲ್ಲಿ ತೆರೆಯಿತು.

ಇಷ್ಟು ಸಣ್ಣ ಅಂಕಿಗಳಿಂದ ತಲೆಯೆತ್ತಿ ದೇಶದ ಅಂಕಿ ನೋಡಿದರೆ ಗಾಬರಿಯಾಗುತ್ತದೆ. 2020ರಲ್ಲಿ ಜಗತ್ತಿನಾದ್ಯಂತ 1 ಕೋಟಿ 34 ಲಕ್ಷ ಮಕ್ಕಳು 37 ವಾರ ತುಂಬುವ ಮೊದಲೇ ಹುಟ್ಟಿದರು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದರಲ್ಲಿ 30 ಲಕ್ಷದ 20 ಸಾವಿರ ಮಕ್ಕಳು ಭಾರತದವರು. ಬೇರಾವ ದೇಶದಲ್ಲೂ ಇಷ್ಟಿಲ್ಲ. ಭಾಗಿಸಿ ನೋಡಿದೆ: ಹತ್ತೂವರೆ ಸೆಕೆಂಡಿಗೆ ಒಂದು ಮಗು. ಹುಟ್ಟಿದ ಮಗು ಅಳದಿದ್ದರೆ ಮೊದಲ 60 ಸೆಕೆಂಡಿನೊಳಗೆ ಒರೆಸಿ, ಬೆಚ್ಚಗೆ ಮಾಡಿ, ಬೇಕಿದ್ದರೆ ಬ್ಯಾಗಿನಿಂದ ಉಸಿರು ಕೊಡಲು ಶುರುಮಾಡಬೇಕು ಎಂಬ ನಿಯಮವಿದೆ. ಅದನ್ನು ಗೋಲ್ಡನ್ ಮಿನಿಟ್ ಎನ್ನುತ್ತಾರೆ. ಆ ಒಂದು ನಿಮಿಷದ ಕೆಲಸ ಮುಗಿಯುವುದರೊಳಗೆ ದೇಶದಲ್ಲಿ ಇನ್ನೂ ಐದಾರು ಮಕ್ಕಳು ಅಕಾಲದಲ್ಲಿ ಹುಟ್ಟಿರುತ್ತಾರೆ.

ಜಗತ್ತಿನಲ್ಲಿ 2022ರಲ್ಲಿ 28 ದಿನ ತುಂಬುವ ಮೊದಲೇ ತೀರಿಕೊಂಡ ಮಕ್ಕಳು 23 ಲಕ್ಷ, ದಿನಕ್ಕೆ 6,300. ನಮ್ಮ ಮಾದರಿ ನೋಂದಣಿ ಸಮೀಕ್ಷೆಯ 2020ರ ವರದಿಯಂತೆ ಸಾವಿರ ಜೀವಂತ ಜನನಕ್ಕೆ ದೇಶದಲ್ಲಿ 20, ಕರ್ನಾಟಕದಲ್ಲಿ 14, ಕೇರಳದಲ್ಲಿ 4 ನವಜಾತ ಮಕ್ಕಳ ಸಾವು. ಪಡೀಲಿನಲ್ಲಿ ರೈಲಿಳಿಯುವ ಎಷ್ಟೋ ಹುಡುಗಿಯರು 4ರ ರಾಜ್ಯದಿಂದ 14ರ ರಾಜ್ಯಕ್ಕೆ ಕಲಿಯಲು ಬರುತ್ತಾರೆ ಎಂಬುದು ನನಗೆ ಯಾವಾಗಲೂ ಸೋಜಿಗ. ದೇಶದ ಅಂಕಿಯನ್ನು 2030ರೊಳಗೆ ಹತ್ತಕ್ಕಿಂತ ಕೆಳಗಿಳಿಸುತ್ತೇವೆ ಎಂದು ಕೇಂದ್ರ ಸರ್ಕಾರ 2014ರಲ್ಲಿ ಗುರಿ ಇಟ್ಟುಕೊಂಡಿತು. ಗುರಿ ಸೇರುವುದು ಕಷ್ಟವೇ. ಆದರೂ ದಾರಿ ದೊಡ್ಡದಾಗುತ್ತ ಬಂದಿದೆ. ಪಶ್ಚಿಮ ಬಂಗಾಳದ ಪುರುಲಿಯಾ ಎಂಬ ಬಡ ಜಿಲ್ಲೆಯ ಆಸ್ಪತ್ರೆಯಲ್ಲಿ 2003ರಲ್ಲಿ ಶುರುವಾದ ಒಂದು ನವಜಾತ ಶಿಶು ಘಟಕವನ್ನು ಮಾದರಿಯಾಗಿಟ್ಟುಕೊಂಡು ದೇಶದ ಜಿಲ್ಲಾ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕಗಳು, ಅಂದರೆ ಎಸ್‌ಎನ್‌ಸಿಯುಗಳು ಹುಟ್ಟಿದವು. ಈಗ ಅವು ನೂರಾರು. ವರ್ಷಕ್ಕೆ ಅಲ್ಲಿಗೆ ದಾಖಲಾಗುವ ಮಕ್ಕಳ ಸಂಖ್ಯೆ ಲಕ್ಷಗಳಲ್ಲಿದೆ. ಮಕ್ಕಳನ್ನು ಬೆಚ್ಚಗಿಡುವ ಅಷ್ಟೂ ವಾರ್ಮರುಗಳ ಪಕ್ಕ ಯಾರೋ ಒಬ್ಬರು ನಿಂತಿರಬೇಕಲ್ಲ?

ಎಷ್ಟು ಸಣ್ಣ ಮಗು ಉಳಿದೀತು ಎಂಬ ಗಡಿ ಬೇರೆ ಹಿಂದೆ ಸರಿಯುತ್ತಲೇ ಇದೆ. 2020ರ ಜುಲೈ 5ರಂದು ಅಮೆರಿಕದ ಅಲಬಾಮಾದಲ್ಲಿ 21 ವಾರ 1 ದಿನಕ್ಕೆ ಹುಟ್ಟಿದ ಕರ್ಟಿಸ್ ಮೀನ್ಸ್ ಎಂಬ ಮಗುವಿನ ತೂಕ 420 ಗ್ರಾಂ. ಅರ್ಧ ಲೀಟರ್ ನಂದಿನಿ ಹಾಲಿನ ಪ್ಯಾಕೆಟ್ಟೇ ಅದಕ್ಕಿಂತ ಭಾರ. 2018ರಲ್ಲಿ ಸ್ಯಾನ್ ಡಿಯಾಗೋದಲ್ಲಿ ಹುಟ್ಟಿದ ಇನ್ನೊಂದು ಹೆಣ್ಣು ಮಗುವಿನದು 245 ಗ್ರಾಂ. ಎರಡೂ ಮಕ್ಕಳು ಮನೆಗೆ ಹೋದರು. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯ ಮಗ ಐದೂವರೆ ವಾರ ಮೊದಲೇ ಹುಟ್ಟಿದಾಗ ತೂಕ 2.1 ಕಿಲೋ, ಶ್ವಾಸಕೋಶ ಬಲಿಯದೆ 39 ಗಂಟೆಯಲ್ಲಿ ತೀರಿಕೊಂಡ. ದೇಶದ ಅಧ್ಯಕ್ಷನ ಮಗನಿಗೆ ಅಂದು ಸಿಗದ, ಬಲಿಯದ ಶ್ವಾಸಕೋಶವನ್ನು ಅರಳಿಸಿಡುವ ಸರ್ಫ್ಯಾಕ್ಟಂಟ್ ಔಷಧಿ, ಸಿ-ಪ್ಯಾಪ್ ಯಂತ್ರ ಇವತ್ತು ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲೂ ಸಿಗುತ್ತವೆ.

ಈ ಮುನ್ನಡೆಯಲ್ಲಿ ನರ್ಸುಗಳ ಪಾಲನ್ನು ಚರಿತ್ರೆ ಬರೆದವರು ಸರಿಯಾಗಿ ಬರೆದಿಲ್ಲ ಎಂಬುದು ನನ್ನ ತಕರಾರು. 1880ರಲ್ಲಿ ಪ್ಯಾರಿಸಿನ ಹೆರಿಗೆ ಆಸ್ಪತ್ರೆಯಲ್ಲಿ ವೈದ್ಯ ತಾರ್ನಿಯೆ ಇನ್‌ಕ್ಯುಬೇಟರ್ ಇಡಿಸಿದ ಎಂಬುದು ಎಲ್ಲ ಪುಸ್ತಕಗಳಲ್ಲೂ ಇದೆ. (ಅದೇ 1880ರಲ್ಲಿ ಜರ್ಮನಿಯಿಂದ ಬಂದಿದ್ದ ಪಾದ್ರಿ ಆಗಸ್ಟಸ್ ಮುಲ್ಲರ್ ಕಂಕನಾಡಿಯಲ್ಲಿ ಆಲದ ಮರದ ಕೆಳಗೆ ಹೋಮಿಯೋಪತಿ ಔಷಧಿ ಕೊಡಲು ಕೂತರು, ಕಾಕತಾಳೀಯ ಅಷ್ಟೆ.) ಆದರೆ ಕಾಮಾಲೆಗೆ ಬೆಳಕಿನ ಚಿಕಿತ್ಸೆ ಕಂಡದ್ದು ಯಾರ ಕಣ್ಣಿಗೆ? ಇಂಗ್ಲೆಂಡಿನ ಎಸೆಕ್ಸ್‌ನ ರಾಚ್‌ಫರ್ಡ್ ಆಸ್ಪತ್ರೆ, 1956. ಅವಧಿಪೂರ್ವ ಮಕ್ಕಳ ವಾರ್ಡು ನೋಡಿಕೊಳ್ಳುತ್ತಿದ್ದ, ವಾರ್ಡ್ ಎಂಬ ಹೆಸರಿನ ಸಿಸ್ಟರ್ ಬಿಸಿಲು ಹಿತವಾಗಿದ್ದ ದಿನ ಮಕ್ಕಳನ್ನು ಅಂಗಳಕ್ಕೆ ಒಯ್ಯುತ್ತಿದ್ದರು. ಒಂದು ದಿನ ರೌಂಡ್ಸಿಗೆ ಬಂದ ಡಾಕ್ಟರುಗಳಿಗೆ ಒಂದು ಮಗುವಿನ ಬಟ್ಟೆ ಸರಿಸಿ ತೋರಿಸಿದರು. ಮೈಯೆಲ್ಲ ಹಳದಿ ಇಳಿದಿದೆ. ಹೊದಿಕೆಯ ಮೂಲೆ ಮುಚ್ಚಿದ್ದ ಮುಕ್ಕೋನದಷ್ಟು ಜಾಗ ಮಾತ್ರ ಗಾಢ ಹಳದಿ. ಎರಡು ವರ್ಷದಲ್ಲಿ, 1958ರಲ್ಲಿ, ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಬಂಧ ಬಂತು. ದಿನ ತುಂಬಿದ ಮಕ್ಕಳಲ್ಲಿ ನೂರಕ್ಕೆ 60, ಅಕಾಲದ ಮಕ್ಕಳಲ್ಲಿ ನೂರಕ್ಕೆ 80 ಮಂದಿಗೆ ಕಾಮಾಲೆ ಕಾಣಿಸಿಕೊಳ್ಳುತ್ತದೆ. ಇವತ್ತು ಯಾವುದೇ ಎನ್‌ಐಸಿಯುನಲ್ಲಿ ನೀಲಿ ಬೆಳಕಿನ ಕೆಳಗೆ ಕಣ್ಣಿಗೆ ಪಟ್ಟಿ ಕಟ್ಟಿ ಮಲಗಿಸಿದ ಮಕ್ಕಳಿದ್ದೇ ಇರುತ್ತಾರೆ. ನಮ್ಮ ಅಜ್ಜಿಯರು ಎಳೆಬಿಸಿಲಿಗೆ ಹಿಡಿಯುವುದೂ ಇದೇ ತಾನೇ ಎನ್ನಬೇಡಿ. ಏರಿದ ಕಾಮಾಲೆಗೆ ಎಳೆಬಿಸಿಲು ಸಾಲುವುದಿಲ್ಲ, ಮಳೆ ಸುರಿಯುವ ಆಟಿ ತಿಂಗಳಿನ ಮಂಗಳೂರಿನಲ್ಲಿ ಅದು ಸಿಗುವುದೂ ಇಲ್ಲ. ಬೇಕಾದದ್ದು 460ರಿಂದ 490 ನ್ಯಾನೋಮೀಟರ್ ಅಲೆಯುದ್ದದ ಬೆಳಕು.

ಕಣ್ಣು ಕಂಡ ಕಥೆ ಅದಾದರೆ ಕಣ್ಣು ಹೋದ ಕಥೆಯೂ ಒಂದಿದೆ, ಅದರಲ್ಲೂ ನರ್ಸುಗಳಿದ್ದಾರೆ. 1940ರ ದಶಕದಿಂದ ಅಕಾಲದ ಮಕ್ಕಳಿಗೆ ಆಮ್ಲಜನಕವನ್ನು ಧಾರಾಳವಾಗಿ ಕೊಡತೊಡಗಿದರು. ಮಕ್ಕಳು ಉಳಿದರು, ಆದರೆ ಹತ್ತು ವರ್ಷದ ಆಚೀಚೆ ಜಗತ್ತಿನಲ್ಲಿ ಸುಮಾರು 10,000 ಮಕ್ಕಳು ಕುರುಡಾದರು. 1950ರಲ್ಲಿ ಆರು ವಾರ ಮೊದಲೇ ಹುಟ್ಟಿದ ಗಾಯಕ ಸ್ಟೀವಿ ವಂಡರ್ ಅವರಲ್ಲೊಬ್ಬ. ವಾಷಿಂಗ್ಟನ್ನಿನ ಗ್ಯಾಲಿಂಗರ್ ಆಸ್ಪತ್ರೆಯಲ್ಲಿ ವೈದ್ಯ ಆರ್ನಲ್ ಪಾಟ್ಜ್ ಆಮ್ಲಜನಕವನ್ನೇ ಶಂಕಿಸಿ, ಕೆಲವು ಮಕ್ಕಳಿಗೆ ಕಡಿಮೆ ಕೊಡುವ ಪ್ರಯೋಗಕ್ಕೆ ಕೈಹಾಕಿದ. ಕಡಿಮೆ ಆಮ್ಲಜನಕದಲ್ಲಿ ಮಲಗಿದ ಮಕ್ಕಳನ್ನು ಕಂಡು ಕರುಳು ತಡೆಯದೆ ರಾತ್ರಿ ಪಾಳಿಯ ನರ್ಸುಗಳು ಗುಟ್ಟಾಗಿ ನಾಬ್ ತಿರುಗಿಸಿ ಜಾಸ್ತಿ ಮಾಡುತ್ತಿದ್ದರಂತೆ. ಕರುಣೆಯಿಂದಲೇ. ಕೊನೆಗೆ 18 ಆಸ್ಪತ್ರೆಗಳು ಸೇರಿ 786 ಮಕ್ಕಳ ಮೇಲೆ ನಡೆಸಿದ ಅಧ್ಯಯನ ಅನುಮಾನವನ್ನು ಖಚಿತಪಡಿಸಿತು. ಇವತ್ತು ಆಮ್ಲಜನಕ ಪಡೆಯುವ ಅಕಾಲದ ಮಗುವಿನ ರಕ್ತದಲ್ಲಿನ ಆಮ್ಲಜನಕದ ಮಟ್ಟ, ಅಂದರೆ ಸ್ಯಾಚುರೇಶನ್, ನೂರಕ್ಕೆ 90ರಿಂದ 95ರ ನಡುವೆ ಇರಬೇಕು. ನಮಗೆ 99 ತೋರಿಸಿದರೆ ಸಂತೋಷ. ಅಲ್ಲಿ 99 ತೋರಿಸಿದರೆ ಸಿಸ್ಟರ್ ಎದ್ದು ಹೋಗಿ ಆಮ್ಲಜನಕ ಇಳಿಸಬೇಕು. ಹೊಸಬರು ಎಡವುವುದು ಇಲ್ಲೇ. 80ಕ್ಕೆ ಇಳಿದಾಗ ಎಲ್ಲರೂ ಓಡುತ್ತಾರೆ, 99ಕ್ಕೆ ಏರಿದಾಗ ಯಾರಿಗೂ ಅವಸರವಿಲ್ಲ.

ಈ ಕಣ್ಣಿನ ಕಾಯಿಲೆ, ಆರ್‌ಒಪಿ, ಇನ್ನೂ ಹೋಗಿಲ್ಲ. 2 ಕಿಲೋಗಿಂತ ಕಡಿಮೆ ತೂಕದ ಇಲ್ಲವೇ 34 ವಾರದ ಮೊದಲು ಹುಟ್ಟಿದ ಮಗುವಿನ ಕಣ್ಣಿನ ಪರೀಕ್ಷೆ 30 ದಿನದೊಳಗೆ ಆಗಲೇಬೇಕು ಎಂದು ನಮ್ಮಲ್ಲಿ ನಿಯಮ. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ 2008ರಲ್ಲಿ ಶುರುಮಾಡಿದ ಕಿಡ್‌ರಾಪ್ ಯೋಜನೆಯಲ್ಲಿ ತರಬೇತಾದ ತಂತ್ರಜ್ಞರು ಕ್ಯಾಮೆರಾ ಹೊತ್ತು ಹಳ್ಳಿಗಾಡಿನ ಆಸ್ಪತ್ರೆಗಳಿಗೇ ಹೋಗುತ್ತಾರೆ, ಚಿತ್ರ ಬೆಂಗಳೂರಿಗೆ ಬರುತ್ತದೆ. ಜಗತ್ತು ನೋಡಿ ಕಲಿತ ಕರ್ನಾಟಕದ ಕೆಲಸಗಳಲ್ಲಿ ಇದೊಂದು. ಆದರೆ ಮಗು ಡಿಸ್ಚಾರ್ಜ್ ಆಗುವಾಗ ಆ 30ನೇ ದಿನದ ತಾರೀಕನ್ನು ಕಾರ್ಡಿನ ಮೇಲೆ ಬರೆದು, ಅಮ್ಮನಿಗೆ ಎರಡು ಸಲ ಹೇಳಿ ಕಳಿಸುವವರು ಸಿಸ್ಟರೇ.

ದಾರಿಯ ವಿಷಯಕ್ಕೆ ಬರೋಣ. ಪಿಯುಸಿ ಮುಗಿಸಿ ಜಿಎನ್‌ಎಂ ಆದರೆ 3 ವರ್ಷ, ಬಿಎಸ್ಸಿ ನರ್ಸಿಂಗ್ ಆದರೆ 4 ವರ್ಷ, 8 ಸೆಮಿಸ್ಟರ್. ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ತಂದ ಹೊಸ ಪಠ್ಯದಲ್ಲಿ ಮಕ್ಕಳ ಆರೋಗ್ಯ 5 ಮತ್ತು 6ನೇ ಸೆಮಿಸ್ಟರಿಗೆ ಬರುತ್ತದೆ. ಕೊನೆಯ ಸೆಮಿಸ್ಟರಿನ ಇಂಟರ್ನ್‌ಶಿಪ್ 22 ವಾರ, ವಾರಕ್ಕೆ 48 ಗಂಟೆಯಂತೆ 1,056 ಗಂಟೆ. ಅದರಲ್ಲಿ ಮಕ್ಕಳ ವಿಭಾಗಕ್ಕೆ 4 ವಾರ, ಅಂದರೆ 192 ಗಂಟೆ. ಹೆರಿಗೆ ವಿಭಾಗಕ್ಕೆ ಇನ್ನೊಂದು 4 ವಾರ. ಈ 192ರಲ್ಲಿ ಎನ್‌ಐಸಿಯುಗೆ ಸಿಗುವುದು ಒಂದು ಚೂರು. ಅಮೆರಿಕದಲ್ಲಿ ನವಜಾತ ಶಿಶು ತೀವ್ರ ನಿಗಾದ ನರ್ಸ್ ಎಂಬ ಸರ್ಟಿಫಿಕೇಟ್ ಪರೀಕ್ಷೆಗೆ ಕೂರಲೇ 2 ವರ್ಷ ಮತ್ತು 2,000 ಗಂಟೆಯ ಅನುಭವ ಕೇಳುತ್ತಾರೆ. ಕಾಲೇಜು ಬಿಡುವ ಹುಡುಗಿಗೆ ಎಷ್ಟು ಕಲಿಯಲು ಬಾಕಿ ಇದೆ ಎಂಬುದು ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ತಿಳಿಯುತ್ತದೆ.

ಹಾಗಾಗಿ ಸಿಕ್ಕ ಚೂರನ್ನು ಪೋಲು ಮಾಡಬಾರದು. ಪೋಸ್ಟಿಂಗ್‌ನಲ್ಲಿ ವಿದ್ಯಾರ್ಥಿಗಳಿಗೆ ಸೂಜಿ ಮುಟ್ಟಲು ಕೊಡುವುದಿಲ್ಲ, ಕೊಡಲೂಬಾರದು. ಆದರೆ ಕೈ ತೊಳೆಯುವುದನ್ನು ಯಾರೂ ತಡೆಯುವುದಿಲ್ಲ. ಒಂದು ಲೆಕ್ಕ ಹೇಳುತ್ತೇನೆ. ಒಬ್ಬ ಸಿಸ್ಟರಿಗೆ ಮೂರು ಮಕ್ಕಳು, ಒಂದು ಡ್ಯೂಟಿಯಲ್ಲಿ ಒಂದೊಂದು ಮಗುವನ್ನು 12 ಸಲ ಮುಟ್ಟಬೇಕಾಯಿತು ಎನ್ನಿ. ಮುಟ್ಟುವ ಮೊದಲೊಮ್ಮೆ, ಮುಟ್ಟಿದ ಮೇಲೊಮ್ಮೆ: 72 ಸಲ. ಸ್ಯಾನಿಟೈಸರ್ ತಿಕ್ಕಲು 20ರಿಂದ 30 ಸೆಕೆಂಡು. ಒಟ್ಟು 24ರಿಂದ 36 ನಿಮಿಷ ಬರೀ ಕೈ ತಿಕ್ಕುವುದಕ್ಕೇ ಹೋಯಿತು. ಯಾರೂ ನೋಡದಿದ್ದಾಗಲೂ 72ನೇ ಸಲ ತಿಕ್ಕುವವಳೋ ಅಲ್ಲವೋ ಎಂಬುದನ್ನು ಇನ್‌ಚಾರ್ಜ್ ಸಿಸ್ಟರ್ ವಾರದೊಳಗೆ ಕಂಡುಹಿಡಿದಿರುತ್ತಾರೆ. ಕೆಲಸಕ್ಕೆ ಅರ್ಜಿ ಹಾಕಿದಾಗ ಅವರ ಒಂದು ಮಾತಿಗೆ ಅಂಕಪಟ್ಟಿಗಿಂತ ತೂಕ ಜಾಸ್ತಿ.

ಓದುವಾಗಲೇ ನವಜಾತ ಶಿಶು ಪುನಶ್ಚೇತನದ ಎನ್‌ಆರ್‌ಪಿ ತರಬೇತಿ ಮಾಡಿಕೊಂಡರೆ ಒಳ್ಳೆಯದು. ಗೊಂಬೆಯ ಮೇಲೆ 240 ಮಿ.ಲೀ. ಬ್ಯಾಗನ್ನು ನಿಮಿಷಕ್ಕೆ 40ರಿಂದ 60 ಸಲ ಒತ್ತಿ ಒತ್ತಿ ಕೈಗೆ ಆ ಲಯ ಕೂರಬೇಕು. ಎದೆ ಒತ್ತಬೇಕಾಗಿ ಬಂದರೆ ಮೂರು ಒತ್ತು, ಒಂದು ಉಸಿರು; ನಿಮಿಷಕ್ಕೆ 90 ಮತ್ತು 30. ಹುಟ್ಟುವ ಹತ್ತು ಮಕ್ಕಳಲ್ಲಿ ಒಂದಕ್ಕೆ ಏನಾದರೂ ಸಹಾಯ ಬೇಕಾಗುತ್ತದೆ, ನೂರರಲ್ಲಿ ಒಂದಕ್ಕೆ ಮಾತ್ರ ಇಷ್ಟೆಲ್ಲ. ಆಮೇಲೆ ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನ ನೋಂದಣಿ, ಅದಿಲ್ಲದೆ ರಾಜ್ಯದಲ್ಲಿ ಎಲ್ಲೂ ಕೆಲಸವಿಲ್ಲ. ಕೆಲಸ ಸಿಕ್ಕ ಕೂಡಲೇ ಎನ್‌ಐಸಿಯು ಸಿಗುತ್ತದೆ ಎಂದೂ ಇಲ್ಲ. ಎಷ್ಟೋ ಕಡೆ ಮೊದಲು ಜನರಲ್ ವಾರ್ಡು. ಬೇಸರ ಪಡದೆ ಲಿಖಿತವಾಗಿ ಕೇಳಿಡುವುದು ಜಾಣತನ. ಒಂದು ವರ್ಷದ ನವಜಾತ ಶಿಶು ನರ್ಸಿಂಗ್ ಪೋಸ್ಟ್ ಬೇಸಿಕ್ ಡಿಪ್ಲೊಮಾ ಇದೆ, ಮಕ್ಕಳ ವಿಭಾಗದಲ್ಲಿ 2 ವರ್ಷದ ಎಂಎಸ್ಸಿ ಇದೆ. ಸರ್ಕಾರಿ ಎಸ್‌ಎನ್‌ಸಿಯು ಸೇರಿದವರಿಗೆ 4 ದಿನದ ತರಗತಿ ಮತ್ತು ದೊಡ್ಡ ಆಸ್ಪತ್ರೆಯಲ್ಲಿ 14 ದಿನ ನೋಡಿ ಕಲಿಯುವ ತರಬೇತಿ ಇದೆ. ಏಮ್ಸ್‌ನ ನರ್ಸ್ ನೇಮಕಾತಿಯ ನಾರ್ಸೆಟ್ ಪರೀಕ್ಷೆಯೂ ಇದೆ. ಗಲ್ಫ್, ಇಂಗ್ಲೆಂಡ್ ಕನಸಿರುವವರಿಗೆ ಮಂಗಳೂರಿನಲ್ಲಿ ದಾರಿ ಹೇಳುವವರಿಗೇನು ಕೊರತೆ!

ಒಂದು ವಿಷಯವನ್ನು ಯಾವ ಏಜೆನ್ಸಿಯೂ ಹೇಳುವುದಿಲ್ಲ: ಈ ಕೆಲಸದಲ್ಲಿ ಅಮ್ಮಂದಿರೂ ಸೇರಿರುತ್ತಾರೆ. ತೊಟ್ಟಿಲ ಮೇಲೆ ಮಗುವಿಗೆ ಹೆಸರಿಲ್ಲ, ‘ಬೇಬಿ ಆಫ್’ ಎಂದು ಅಮ್ಮನ ಹೆಸರು. ಹೊಲಿಗೆಯ ನೋವಿನಲ್ಲೇ ನಡೆದು ಬಂದು ಗಾಜಿನಾಚೆ ನಿಂತ ಆ ಅಮ್ಮನನ್ನು ಒಳಗೆ ಕರೆದು, ಎದೆಗೆ ಮಗುವನ್ನು ಕಟ್ಟಿಕೊಡುವುದಕ್ಕೆ ಕಾಂಗರೂ ಆರೈಕೆ ಎನ್ನುತ್ತಾರೆ. ಭಾರತವೂ ಸೇರಿ ಐದು ದೇಶಗಳಲ್ಲಿ 1 ಕಿಲೋದಿಂದ 1.8 ಕಿಲೋ ತೂಕದ 3,211 ಮಕ್ಕಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟಿದ ಕೂಡಲೇ ಎದೆಗೆ ಹಚ್ಚಿದ ಮಕ್ಕಳಲ್ಲಿ ನೂರಕ್ಕೆ 12, ಸ್ಥಿರವಾಗಲಿ ಎಂದು ಕಾದ ಮಕ್ಕಳಲ್ಲಿ 15.7 ಮಂದಿ ತೀರಿಕೊಂಡಿದ್ದರು. ವ್ಯತ್ಯಾಸ ಎಷ್ಟು ಸ್ಪಷ್ಟವಿತ್ತೆಂದರೆ ಅಧ್ಯಯನವನ್ನು ನಡುವೆಯೇ ನಿಲ್ಲಿಸಿದರು. ಮಗುವಿನ ಮೈಬಿಸಿ 36.5ರಿಂದ 37.5 ಡಿಗ್ರಿ ಇರಬೇಕು; ಒಂದು ಡಿಗ್ರಿ ಇಳಿದಂತೆಲ್ಲ ಸಾವಿನ ಅಪಾಯ ನೂರಕ್ಕೆ 28ರಷ್ಟು ಏರಿದ್ದನ್ನು ಅಮೆರಿಕದ ಒಂದು ದೊಡ್ಡ ಅಧ್ಯಯನ ಕಂಡಿದೆ. ಅಮ್ಮನ ಎದೆಯಷ್ಟು ನಂಬಿಕಸ್ತ ವಾರ್ಮರ್ ಇನ್ನೂ ಮಾರುಕಟ್ಟೆಗೆ ಬಂದಿಲ್ಲ.

2020ರ ಫೆಬ್ರವರಿಯಲ್ಲಿ ಹೃದಯದ ತೊಂದರೆಯಿದ್ದ 40 ದಿನದ ಮಗುವೊಂದನ್ನು ಮಂಗಳೂರಿನಿಂದ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಆಂಬುಲೆನ್ಸಿನಲ್ಲಿ ಸಾಗಿಸಿದ್ದು ಹಲವರಿಗೆ ನೆನಪಿರಬಹುದು. ದಾರಿಯುದ್ದಕ್ಕೂ ಜನರೇ ರಸ್ತೆ ಬಿಡಿಸಿಕೊಟ್ಟರು. 350 ಕಿಲೋಮೀಟರಿನಷ್ಟು ದೂರ, ಘಟ್ಟ ಹತ್ತಿ, 4 ಗಂಟೆ 20 ನಿಮಿಷ. ಬಿ.ಸಿ. ರೋಡ್ ಕಡೆ ಹೊರಟ ಯಾವ ಆಂಬುಲೆನ್ಸಾದರೂ ಪಡೀಲು ದಾಟಿಯೇ ಹೋಗಬೇಕು. ಟಿವಿಯಲ್ಲಿ ಕಂಡದ್ದು ವೇಗ. ಅಂಥ ಗಾಡಿಯ ಹಿಂಬದಿಯಲ್ಲಿ ಇನ್ನೊಂದು ಲೆಕ್ಕ ಇರುತ್ತದೆ: 260 ನಿಮಿಷ, ನಿಮಿಷಕ್ಕೆ 140ರಂತೆ 36,400 ಬಡಿತ, ಪ್ರತಿ ತಿರುವಿಗೂ ಜಾರಬಹುದಾದ ಒಂದು ನಳಿಕೆ. ಹಾಗೆ ಪ್ರಯಾಣದಲ್ಲಿ ಮಗುವನ್ನು ಕಾಯುವುದೂ ಈ ವೃತ್ತಿಯದೇ ಒಂದು ಕವಲು. ಅದನ್ನೇ ಆರಿಸಿಕೊಳ್ಳುವವರು ನಮ್ಮಲ್ಲಿ ಇನ್ನೂ ಕಡಿಮೆ.

ಸಂಬಳದ ಮಾತು ಬಿಟ್ಟರೆ ಬರಹ ಅರ್ಧವಾದೀತು. ವೆಂಟಿಲೇಟರಿನಲ್ಲಿರುವ ಒಂದು ಮಗುವಿಗೆ ಒಬ್ಬ ಸಿಸ್ಟರ್ ಇರಬೇಕು. ವಾರಕ್ಕೆ 168 ಗಂಟೆ, ಒಬ್ಬರ ದುಡಿಮೆ 48 ಗಂಟೆ, ಮೂರೂವರೆ ಮಂದಿ. ರಜೆ, ಜ್ವರ, ಹೆರಿಗೆ ರಜೆ ಸೇರಿಸಿದರೆ ನಾಲ್ಕೈದು. ಒಂದು ಕಿಲೋದ ಒಂದು ಮಗುವಿಗೆ ಐದು ಜನರ ಸಂಬಳ ಎಂದಾಗ ಆಸ್ಪತ್ರೆಗಳು ಎಲ್ಲಿ ಉಳಿಸಲು ನೋಡುತ್ತವೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟಿನ ನಿರ್ದೇಶನದಂತೆ ರಚನೆಯಾದ ಸಮಿತಿ, 200ಕ್ಕಿಂತ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆ ಸರ್ಕಾರಿ ನರ್ಸಿನಷ್ಟೇ ಸಂಬಳ ಕೊಡಬೇಕು, 50ಕ್ಕಿಂತ ಕಡಿಮೆ ಹಾಸಿಗೆಯದ್ದಾದರೂ 20,000 ರೂಪಾಯಿಗೆ ಇಳಿಸಬಾರದು ಎಂದಿತು. ಜಾರಿ ಮಾಡುವುದು ರಾಜ್ಯಗಳಿಗೆ ಬಿಟ್ಟದ್ದು ಎಂದಾಯಿತು. ಹೆಚ್ಚಿನ ಕಡೆ ಬಿಟ್ಟದ್ದು ಹಾಗೇ ಇದೆ.

ಆದ್ದರಿಂದ ಇಂಟರ್‌ವ್ಯೂನಲ್ಲಿ ಕೊನೆಗೆ ನಿಮಗೇನಾದರೂ ಕೇಳಲಿಕ್ಕಿದೆಯಾ ಎಂದಾಗ ಸಂಬಳ ಕೇಳಿ, ನಾಚಿಕೆ ಬೇಡ. ಅದರ ಜೊತೆಗೆ, ರಾತ್ರಿ ಡ್ಯೂಟಿಯಲ್ಲಿ ಒಬ್ಬ ಸಿಸ್ಟರಿಗೆ ಎಷ್ಟು ಮಕ್ಕಳು ಎಂದೂ ಕೇಳಿ. ಎಸ್‌ಎನ್‌ಸಿಯು ಮಾರ್ಗಸೂಚಿಯಲ್ಲಿರುವುದು ಒಬ್ಬರಿಗೆ ಮೂರರಿಂದ ನಾಲ್ಕು. ಅಷ್ಟೇ ಎಂಬ ಉತ್ತರ ಬಂದರೆ, ಮತ್ತು ಮೊದಲ ಕೆಲವು ತಿಂಗಳು ಸೀನಿಯರ್ ಜೊತೆ ಹಾಕುತ್ತೇವೆ ಎಂದರೆ, ಸಂಬಳ ಎರಡು ಸಾವಿರ ಕಡಿಮೆಯಿದ್ದರೂ ಅಲ್ಲಿ ಕಲಿಯಬಹುದು. ಎಂಟು, ಒಂಬತ್ತು ಎಂದರೆ ಒಂಬತ್ತು ಮಕ್ಕಳಿಗೆ ಎರಡು ಗಂಟೆಗೊಮ್ಮೆ ಹಾಲು, ಒಂಬತ್ತು ನ್ಯಾಪಿ ತೂಕ, ಒಂಬತ್ತು ಬೇರೆ ಬೇರೆ ದಶಮಾಂಶ, ಬೆಳಗಿನ ಜಾವ ನಾಲ್ಕು ಗಂಟೆಗೆ ಒಬ್ಬಳೇ. ಅಲ್ಲಿ ಸೇರುವ ಮೊದಲು ಇನ್ನೊಂದು ಆಸ್ಪತ್ರೆ ನೋಡಿ. ಮಂಗಳೂರಿನಲ್ಲಿ ಆಸ್ಪತ್ರೆಗಳಿಗೇನೂ ಬರಗಾಲವಿಲ್ಲ.